ಲೇತ್ ಮುಟ್ಟದೆ ಬಂದ ಅಂಕಗಳು

“ವರ್ಕ್‌ಶಾಪ್‌ನಲ್ಲಿ ಲೇತ್ ಯಂತ್ರವನ್ನು ನೀವೇ ನಡೆಸುತ್ತೀರಾ?” ಎಂದು ಅಂಗವಿಕಲ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕುರಿತು ಅಧ್ಯಯನ ನಡೆಸುತ್ತಿದ್ದ ಪ್ರಾಧ್ಯಾಪಕಿ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲಿದ್ದ ನಮ್ಮ ವಿಭಾಗದ ಮುಖ್ಯಸ್ಥರು ಉತ್ತರಿಸಿದರು: “ಪಾಪ, ಎಡಗೈ ಊನ ಮೇಡಂ. ಸುಮ್ನೆ ಕೂರಿಸಿ ಫುಲ್ ಮಾರ್ಕ್ಸ್ ಕೊಡ್ತೀವಿ.”

ನನಗೆ ತಡೆಯಲಾಗಲಿಲ್ಲ. “ಮೊಳಕಾಲ್ಮೂರಿನ ನಮ್ಮನೆ ಮಗ್ಗದಾಗೆ ತುಂಡಾದ ರೇಷ್ಮೆ ಎಳೆನ ಇದೇ ಕೈಲಿ ಸೇರಿಸ್ತೀನಿ ಸಾರ್. ಮಾರ್ಕ್ಸ್ ಬ್ಯಾಡ, ಲೇತ್ ಕಲಿಸ್ರಿ.”

“ಕೊಟ್ಟಿದ್ದು ಸಾಲ್ದೇನವ್ವ?” ಎಂದು ಅವರು ನಕ್ಕರು. ಕೊನೆಯವರೆಗೂ ಕಲಿಸಲಿಲ್ಲ.

ನಮ್ಮ ಮನೆತನದ ಮೊದಲ ಪದವಿ ನನ್ನದಾಯಿತು. ಮೊನ್ನೆ ಚಳ್ಳಕೆರೆಯ ಕಾರ್ಖಾನೆಯೊಂದರ ಸಂದರ್ಶನದಲ್ಲಿ ಲೇತ್ ಚಾಲೂ ಮಾಡಲು ಹೇಳಿದಾಗ, ಯಾವ ಗುಂಡಿ ಒತ್ತಬೇಕೆಂದೇ ನನಗೆ ತಿಳಿಯಲಿಲ್ಲ. ನನ್ನ ಅರ್ಜಿಯ ಮೇಲೆ ಸಂದರ್ಶಕರು ‘ಅಂಗವೈಕಲ್ಯದ ಕಾರಣ ಅನರ್ಹ’ ಎಂದು ಬರೆದರು.