ಬೇಲೂರಿಗೆ ಹೋಗಿಬಂದ ಶಾಲು

ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಬಸ್ಸು ಬಂದದ್ದು ಸದ್ದಿನಿಂದಷ್ಟೇ ತಿಳಿಯಿತು. ನಾನು ಅರಸೀಕೆರೆಗೆ ಹೋಗಿ ರೈಲು ಹಿಡಿಯಬೇಕಿತ್ತು. ಪಕ್ಕದಲ್ಲಿ ನಿಂತಿದ್ದ ಬಸ್ತಿಹಳ್ಳಿಯ ಯಜಮಾನರೊಬ್ಬರು ಹೆಗಲ ಮೇಲಿನ ಟವೆಲ್ ತೆಗೆದು ಕಿಟಕಿಯೊಳಗಿನ ಸೀಟಿಗೆ ಎಸೆದರು.

“ನೀವೂ ಏನಾರ ಹಾಕ್ರವ್ವ, ಇಲ್ದಿದ್ರೆ ನಿಂತ್ಕಂಡೇ ಹೋಗ್ಬೇಕಾಯ್ತದೆ.”

ಬೇರೇನೂ ಸಿಗದೆ ಹೊದ್ದಿದ್ದ ಉಣ್ಣೆಯ ಶಾಲನ್ನೇ ಎಸೆದೆ. ಅದು ಅಕ್ಕನದು, ಕೇಳಿ ತಂದದ್ದು.

ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು, ಅದೂ ಬೇಲೂರಿನ ಕಡೆಗೆ! ಮಂಜಿನಲ್ಲಿ ಬೋರ್ಡು ಇಬ್ಬರಿಗೂ ಕಂಡಿರಲಿಲ್ಲ. ನಾನು ರೇಗಿದೆ. ಯಜಮಾನರು ನಿಧಾನವಾಗಿ ಬೀಡಿ ಹಚ್ಚಿದರು.

“ಎಲ್ಲೋಯ್ತದೆ ಬಿಡ್ರವ್ವ. ಬೇಲೂರು ಮುಟ್ಕಂಡು ಇದೇ ಬಸ್ಸು ಅರಸೀಕೆರೆಗೆ ಬತ್ತದೆ. ಟವಲ್ ಹಾಕಿದ್ ಸೀಟ್ನಾಗೆ ಯಾರೂ ಕೂರಕ್ಕಿಲ್ಲ.”

ರೈಲಿಗೆ ಹೊತ್ತೇನೋ ಇತ್ತು, ಆದರೆ ಈ ಮಾತನ್ನು ನಂಬುವುದು ಹೇಗೆ? ಹಲ್ಲು ಕಟಕಟಿಸುತ್ತಾ ಎರಡು ಲೋಟ ಟೀ ಕುಡಿದೆ.

ಗಂಟೆಯ ಮೇಲೆ ಬಸ್ಸು ತಿರುಗಿ ಬಂತು. ಕಾಲಿಡಲು ಜಾಗವಿರಲಿಲ್ಲ. ಮಾದಿಹಳ್ಳಿಯಲ್ಲಿ ಹತ್ತಿದ ಹೆಂಗಸರು ಸೊಪ್ಪಿನ ಬುಟ್ಟಿ ಹಿಡಿದುಕೊಂಡು ನಿಂತೇ ಇದ್ದರು. ಅವರ ನಡುವೆ ಎರಡು ಸೀಟು ಖಾಲಿ. ಒಂದರ ಮೇಲೆ ಟವೆಲ್, ಇನ್ನೊಂದರ ಮೇಲೆ ಅಕ್ಕನ ಶಾಲು.

“ನಿಮ್ದೇನಕ್ಕಾ ಇದು? ಬಿರ್ರನೆ ಬಂದು ಕೂತ್ಕಳಿ” ಎಂದು ಒಬ್ಬಾಕೆ ದಾರಿ ಬಿಟ್ಟಳು.

ಶಾಲು ಹೊದ್ದು ಕೂತೆ. ತುಂಬಿದ ಬಸ್ಸಿನಲ್ಲಿ ಬೇಲೂರಿಗೆ ಹೋಗಿಬಂದಿದ್ದರೂ ಸೀಟು ಹೊರಗಿನ ಮಂಜಿನಷ್ಟೇ ತಣ್ಣಗಿತ್ತು.