ಅಕ್ಕನ ಕಂಪ್ಯೂಟರ್ ಮಾತು ನಿಲ್ಲಿಸಿದ್ದು

ಕಾಲೇಜು ಓದುತ್ತಿದ್ದಾಗ ನನ್ನ ಅಕ್ಕನಿಗೆ ಕಣ್ಣು ಹೋಯಿತು. ಮಿದುಳಿಗೆ ಜ್ವರ ಏರಿ ಆಸ್ಪತ್ರೆ ಸೇರಿದವಳು ಮನೆಗೆ ಬರುವಷ್ಟರಲ್ಲಿ ಬೆಳಕು ಯಾವುದು, ಕತ್ತಲೆ ಯಾವುದು ಎಂದೂ ತಿಳಿಯದಂತಾಗಿದ್ದಳು. ಅವಳನ್ನು ಮತ್ತೆ ನಾಲ್ಕು ಜನರ ನಡುವೆ ತಂದು ಕೂರಿಸಿದ್ದು ಗುಬ್ಬಿಯ ನಮ್ಮ ಮನೆಯಲ್ಲಿದ್ದ ಒಂದು ಕಂಪ್ಯೂಟರ್.

ಕುಣಿಗಲ್ಲಿನ ಮೇಷ್ಟ್ರೊಬ್ಬರು ಅವಳಿಗೆ ಟೈಪಿಂಗ್ ಕಲಿಸಿದರು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಕೊಡಿಸಿದವರೂ ಅವರೇ. ಅದರಲ್ಲಿದ್ದದ್ದು ಒಂದು ಹೆಂಗಸಿನ ಧ್ವನಿ. ‘ಳ’ ಬಂದಾಗಲೆಲ್ಲ ಸ್ವಲ್ಪ ತೊದಲುತ್ತಿತ್ತು.

“ಸೋದರತ್ತೆ ಹಲ್ಲುಸೆಟ್ ತೆಗೆದಿಟ್ಟು ಮಾತಾಡ್ದಂಗೈತೆ ಕಣೇ” ಎಂದು ಅಕ್ಕ ನಗುತ್ತಿದ್ದಳು.

ಆ ಧ್ವನಿಯ ಜೊತೆ ಅವಳ ದಿನವೆಲ್ಲ ಕಳೆಯುತ್ತಿತ್ತು. ಪೇಪರ್ ಓದಿಸಿಕೊಳ್ಳುತ್ತಿದ್ದಳು, ಗೆಳತಿಯರಿಗೆ ಮೇಲ್ ಬರೆಯುತ್ತಿದ್ದಳು. ತುಮಕೂರಿನ ಒಂದು ಕಚೇರಿಯಿಂದ ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿಕೊಡುವ ಕೆಲಸವೂ ಸಿಕ್ಕಿತು. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡುವ ನಾನು ಸಂಜೆ ಮನೆಗೆ ಬಂದರೆ ಊರಿನ ಸುದ್ದಿಯೆಲ್ಲ ಅವಳೇ ನನಗೆ ಹೇಳುತ್ತಿದ್ದಳು.

ಒಂದು ದಿನ ಕಚೇರಿಯ ವೆಬ್‌ಸೈಟ್ ತೆರೆದುಕೊಳ್ಳಲಿಲ್ಲ. ಫೋನ್ ಮಾಡಿದರೆ, “ನಿಮ್ಮ ಆಪರೇಟಿಂಗ್ ಸಿಸ್ಟಂ ತುಂಬಾ ಹಳೇದು ಮೇಡಂ, ಹೊಸ ವರ್ಷನ್ ಹಾಕಿಸ್ಕೊಳ್ಳಿ. ಇಲ್ದಿದ್ರೆ ಫೈಲ್ ಕಳ್ಸೋಕಾಗಲ್ಲ” ಎಂದರು.

ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರ ಬಳಿಗೆ ಹೊತ್ತುಕೊಂಡು ಹೋದೆವು. ಅಂಗಡಿಯವರು ಏನನ್ನೂ ಮುಚ್ಚಿಡಲಿಲ್ಲ. “ನಿಮ್ಮ ಫೈಲ್‌ಗಳಿಗೆ ಏನೂ ಆಗಲ್ಲ. ಆದ್ರೆ ಈ ಓದೋ ಸಾಫ್ಟ್‌ವೇರು ಹೊಸದ್ರಲ್ಲಿ ನಡೀತದೋ ಇಲ್ವೋ ಗೊತ್ತಿಲ್ಲ.” ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಕೆಲಸ ಬಿಡುವಂತಿರಲಿಲ್ಲ. “ಹಾಕಿ” ಎಂದಳು.

ಮನೆಗೆ ತಂದು ಆನ್ ಮಾಡಿದೆವು. ಅವಳು ಕೀಬೋರ್ಡ್ ಮೇಲೆ ಬೆರಳಿಟ್ಟು ಕಾದಳು. ಪರದೆಯ ತುಂಬ ಚೆಂದದ ಹೊಸ ಚಿತ್ರ ಬಂದಿತ್ತು.

“ಆನ್ ಆಯ್ತೇನೇ?”

“ಆಗೈತಕ್ಕ.”

“ಮತ್ಯಾಕೆ ಮಾತಾಡ್ತಿಲ್ಲ?”

ಆ ಸಾಫ್ಟ್‌ವೇರ್ ಈ ವರ್ಷನ್‌ನಲ್ಲಿ ನಡೆಯುವುದಿಲ್ಲ ಎಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅದನ್ನು ನಾನೇ ಅವಳಿಗೆ ಓದಿ ಹೇಳಬೇಕಾಯಿತು.

ಮತ್ತೆ ಹೊತ್ತುಕೊಂಡು ಹೋದಾಗ ಅಂಗಡಿಯವರು ಹಳೆಯ ಆಪರೇಟಿಂಗ್ ಸಿಸ್ಟಂ ಅನ್ನೇ ವಾಪಸ್ ಹಾಕಿ ನೋಡಿದರು. ಈ ಸಲ ಸಾಫ್ಟ್‌ವೇರ್ ಹೊಸದಾಗಿ ಲೈಸೆನ್ಸ್ ಕೇಳಿತು. ಕೊಡಬೇಕಾದ ಕಂಪನಿ ಮುಚ್ಚಿಹೋಗಿ ಎಷ್ಟೋ ಕಾಲವಾಗಿತ್ತು. ಕೊನೆಗೆ ಮತ್ತೆ ಹೊಸ ವರ್ಷನ್ನೇ ಹಾಕಿ, ಅದರಲ್ಲಿ ನಡೆಯುವ ಬೇರೊಂದು ಓದುವ ಸಾಫ್ಟ್‌ವೇರ್ ಸೇರಿಸಿಕೊಟ್ಟರು. ಅದರದು ತಗಡು ಬಡಿದಂಥ ಧ್ವನಿ. ಹಳೆಯ ಯಂತ್ರಕ್ಕೆ ಹೊಸ ಸಿಸ್ಟಂನ ಭಾರ ಹೊರಲೂ ಆಗುತ್ತಿರಲಿಲ್ಲ.

“ನಾನು ಮುಂದಿನ ಪದಕ್ಕೆ ಹೋಗಿರ್ತೀನಿ, ಅದು ಹಿಂದಿನ ಅಕ್ಷರ ಹೇಳ್ತಿರ್ತೈತೆ. ನನ್ ಕೈಯೇ ನಂಗೆ ಗೊತ್ತಾಗ್ತಿಲ್ಲ ಕಣೇ” ಎನ್ನುತ್ತಿದ್ದಳು.

ತಪ್ಪುಗಳು ಹೆಚ್ಚಾದವು. ಕಚೇರಿಯವರು ಬೈಯಲಿಲ್ಲ, ಕೆಲಸ ಕಳಿಸುವುದನ್ನು ನಿಲ್ಲಿಸಿದರು, ಅಷ್ಟೇ. ಹೊಸ ಕಂಪ್ಯೂಟರ್ ತರೋಣ ಎಂದೆ.

“ಅದ್ರಲ್ಲಿ ನಮ್ ತೊದಲೋ ಸೋದರತ್ತೆ ಇರ್ತಾಳಾ?” ಎಂದಳು ಅಕ್ಕ.

ಮೇಷ್ಟ್ರ ಹತ್ತಿರ ಏನಾದರೂ ದಾರಿ ಇದ್ದೀತು ಎಂದು ಒಂದು ಭಾನುವಾರ ಕುಣಿಗಲ್ಲಿಗೆ ಹೊರಟೆವು. ಬರುತ್ತೇವೆ ಎಂದು ಫೋನ್ ಮಾಡಿದ್ದರಿಂದ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದರು. ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಕೇಳುತ್ತಾ ಕೇಳುತ್ತಾ ಅವರ ಮುಖ ಇಳಿದುಹೋಯಿತು.

“ನಂದೂ ಹಿಂಗೇ ಹೋಯ್ತು ಕಣಮ್ಮ” ಎಂದರು. “ನೀನು ಬರ್ತೀನಿ ಅಂದಾಗ, ನಿನ್ ಹತ್ರ ಇನ್ನೂ ಉಳ್ಕೊಂಡೈತೇನೋ, ಅದುನ್ನ ಹೇಳೋಕೇ ಬರ್ತಿದೀಯೇನೋ ಅಂದ್ಕೊಂಡಿದ್ದೆ.”

ಮೇಷ್ಟ್ರ ಹೆಂಡತಿ ತಂದಿಟ್ಟ ಕಾಫಿ ಆರಿ ಕೆನೆ ಕಟ್ಟಿತು. ಇಬ್ಬರೂ ಎದುರುಬದುರು ಕೂತಿದ್ದರು, ಇಬ್ಬರಿಗೂ ಕೇಳಲು ಏನೂ ಉಳಿದಿರಲಿಲ್ಲ.

ವಾಪಸ್ ಬರುವಾಗ ತುಮಕೂರು ಬಸ್‌ನಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡಳು. “ಕಣ್ಣು ಹೋದಾಗ ನೆಂಟರೆಲ್ಲ ಬಂದು ಅತ್ರು. ಈಗ ಹೋಗಿರೋದನ್ನ ಏನಂತ ಹೇಳ್ಲಿ? ಕಂಪ್ಯೂಟರ್ ಕೆಟ್ಟೋಯ್ತಾ, ರಿಪೇರಿ ಮಾಡ್ಸು ಅಂತಾರೆ.” ತುಮಕೂರಿನಲ್ಲಿ ಬಸ್ ಬದಲಾಯಿಸುವಾಗಲೂ, ಗುಬ್ಬಿ ಬರುವವರೆಗೂ ನಾನು ಅವಳ ಕೈ ಬಿಡಲಿಲ್ಲ.

ಆಮೇಲೆ ಲ್ಯಾಪ್‌ಟಾಪ್ ತಂದೆ. ವೇಗವಾಗಿಯೇ ಇತ್ತು, ಆದರೆ ಅದರಲ್ಲೂ ಅದೇ ತಗಡಿನ ಧ್ವನಿ. ಕೆಲವು ದಿನ ಮುಂದೆ ಕೂತು ಪ್ರಯತ್ನಪಟ್ಟಳು, ಆಮೇಲೆ ಮುಟ್ಟಲಿಲ್ಲ. ಹೊಸದಾಗಿ ಕಲಿಯುವ ಮನಸ್ಸೇ ಅವಳಲ್ಲಿ ಉಳಿದಿಲ್ಲ. ಈಗ ನಾನು ಕೆಲಸಕ್ಕೆ ಹೊರಡುವಾಗಲೂ ಗೋಡೆ ಕಡೆ ತಿರುಗಿ ಮಲಗಿರುತ್ತಾಳೆ. ಸಂಜೆ ಬಂದು ಪಕ್ಕದಲ್ಲಿ ಕೂತು ಪೇಪರ್ ಓದುತ್ತೇನೆ. ಒಂದೆರಡು ಸುದ್ದಿ ಕೇಳಿಸಿಕೊಳ್ಳುತ್ತಾಳೆ. ಆಮೇಲೆ, “ಸಾಕು ಬುಡು, ನೀನೂ ದಣಿದು ಬಂದಿದೀಯ” ಎಂದು ಹೊದಿಕೆ ಎಳೆದುಕೊಳ್ಳುತ್ತಾಳೆ.