ಬಸ್ಸು ಕಟ್ಟಿದ ಕೇರಿ

ಬಾಡಿಗೆ ಮನೆ ನೋಡಲು ಹೋದವರು ಮೊದಲು ಏನನ್ನು ನೋಡುತ್ತಾರೆ ಎಂಬುದರಲ್ಲೇ ಅವರ ಸ್ವಭಾವ ತಿಳಿಯುತ್ತದೆ. ಪರ್ಕಳದಲ್ಲಿ ನಾನು ಬಾವಿಗೆ ಬಗ್ಗಿ ನೋಡಿದೆ. ನನ್ನ ಹೆಂಡತಿ ಸುಮತಿ ರಸ್ತೆಯ ಕಡೆ ಕಿವಿಗೊಟ್ಟು ನಿಂತಳು.

“ನೀರಿಲ್ಲದಿದ್ದರೆ ಟ್ಯಾಂಕರ್ ತರಿಸಬಹುದು. ಬಸ್ಸು ತರಿಸ್ಲಿಕ್ಕೆ ಆಗ್ತದಾ ಮಾರಾಯ್ರೆ?” ಎಂದಳು.

ಕಾಪುವಿನ ಮೀನುಗಾರರ ಮನೆಯವಳು. ದೋಣಿ ಬಂದಲ್ಲಿ ಜನ ಸೇರುವುದನ್ನು ಕಂಡು ಬೆಳೆದವಳು. ಅವಳ ಮಾತು ನಿಜವೇ. ಹಿಂದಿನ ಊರುಗಳು ಹೊಳೆಯ ದಡದಲ್ಲೋ ದೇವಸ್ಥಾನದ ಸುತ್ತಲೋ ಬೆಳೆದಿರಬಹುದು. ನಮ್ಮ ಕೇರಿಯನ್ನು ಕಟ್ಟಿದ್ದು ಬಸ್ಸು. ಮಣಿಪಾಲದಲ್ಲಿ ಕೆಲಸ ಸಿಕ್ಕಿಯೂ ಅಲ್ಲಿನ ಬಾಡಿಗೆ ಎಟುಕದವರೆಲ್ಲ ಬಸ್ಸಿನ ದಾರಿ ಹಿಡಿದು ಇತ್ತ ಬಂದರು. ಮೊದಲು ರೂಮುಗಳು, ಆಮೇಲೆ ಚಹಾದಂಗಡಿ, ಆಮೇಲೆ ಹಿಟ್ಟಿನ ಗಿರಣಿ. ಕಾರ್ಕಳದವರು, ಘಟ್ಟದವರು, ಕಡಲ ಕಡೆಯವರು. ನಿಂತು ಮಾತಾಡಲು ಯಾರಿಗೂ ಅಂಗಳವಿಲ್ಲ. ಪರಿಚಯವೆಲ್ಲ ಬಸ್ಸಿನೊಳಗೇ, ನಿಂತವರ ಚೀಲವನ್ನು ಕೂತವರು ಮಡಿಲಲ್ಲಿಟ್ಟುಕೊಳ್ಳುವ ಪದ್ಧತಿಯಿಂದ. ಮಡಿಲಿಗೆ ಬಂದ ಬುತ್ತಿಯಲ್ಲಿ ಎಂತ ಉಂಟೆಂದು ಕೇಳದಿರಲು ಸುಮತಿಗೆ ಆಗುತ್ತಿರಲಿಲ್ಲ. ನಾನೋ ಸ್ಕೂಟರಿನವ. ಕೇರಿಯ ಹೊಂಡಗಳೆಲ್ಲ ನನಗೆ ಗೊತ್ತು, ಜನ ಗೊತ್ತಿಲ್ಲ.

ಈ ಮಳೆಗಾಲಕ್ಕೆ ಮುಂಚೆ ಸುಮತಿ ತೀರಿಕೊಂಡಳು. ಮನೆಗೆ ಬಂದು ಹೋದ ಮುಖಗಳನ್ನು ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬಜಗೋಳಿಯಿಂದ ಅಕ್ಕನ ಫೋನು ದಿನವೂ: “ಅಲ್ಲಿ ಒಬ್ಬನೇ ಎಂತ ಮಾಡ್ತಿ? ಮನೆ ಬಿಟ್ಟು ಇಲ್ಲಿಗೆ ಬಾ.” ಕೊನೆಗೆ, ಬಿಡುತ್ತೇನೆಂದು ಮನೆಯ ಯಜಮಾನರಿಗೆ ಹೇಳಿಬಿಟ್ಟೆ.

ಸುಮತಿ ಕೆಲಸ ಮಾಡುತ್ತಿದ್ದ ಮಣಿಪಾಲದ ಹೊಲಿಗೆ ಅಂಗಡಿಗೆ, ಅವಳು ಅರ್ಧ ಹೊಲಿದಿಟ್ಟ ರವಿಕೆಗಳನ್ನು ಮರಳಿಸಬೇಕಿತ್ತು. ಸ್ಕೂಟರ್ ಕೈಕೊಟ್ಟಿತು. ಬಸ್ಸು ಹತ್ತಿ, ಅವಳ ಚೀಲವನ್ನು ಎದೆಗವಚಿಕೊಂಡು ನಿಂತೆ. ಕೂತಿದ್ದ ಒಬ್ಬ ಹೆಂಗಸು ಕೇಳದೆಯೇ ಅದನ್ನು ಎಳೆದುಕೊಂಡು, ಒಮ್ಮೆ ಸವರಿ, ತಲೆಯೆತ್ತಿದರು.

“ಇದು ಸುಮತಿಯಕ್ಕನ ಚೀಲ. ಅವರಿಗೆ ಸೀಟು ಸಿಗದ ದಿನವೆಲ್ಲ ನನ್ನ ಮಡಿಲಲ್ಲೇ ಬರ್ತಿತ್ತು. ನೀವು ಸ್ಕೂಟರಿನವರು ಅಲ್ವಾ?”

ಹಿಂದಿನ ಸೀಟಿನಿಂದ ಇನ್ನೊಬ್ಬರು: “ನಿಮ್ಮ ಸ್ಕೂಟರ್ ಸ್ಟಾರ್ಟ್ ಆಗುವಾಗ ನಾವು ಮಣಿಪಾಲ ಮುಟ್ಟಿ ಆಗ್ತದೆ ಅಂತ ಅಕ್ಕ ನಗಾಡ್ತಿದ್ರು.”

ಅರ್ಧ ಬಸ್ಸು ನಕ್ಕಿತು. ಎಷ್ಟೋ ದಿನಗಳ ನಂತರ ನಾನೂ ನಕ್ಕೆ, ಕಣ್ಣೊರೆಸಿಕೊಂಡೆ.

“ಮನೆ ಬಿಡ್ತೀರಂತೆ?” ಎಂದರು ಚೀಲ ಹಿಡಿದವರು. ಸುದ್ದಿ ನನಗಿಂತ ಮುಂಚೆ ಬಸ್ಸು ಹತ್ತಿತ್ತು.

“ಯೋಚನೆ ಮಾಡ್ತಿದ್ದೇನೆ.”

“ಮಾಡಿ, ಮಾಡಿ. ನಾವೂ ದಿನಾ ಬಸ್ಸಲ್ಲಿ ಅದನ್ನೇ ಮಾಡುದು. ನಾಳೆಯೂ ಬನ್ನಿ.”

ಸಂಜೆ ಯಜಮಾನರಿಗೆ ಮನೆ ಬಿಡುವುದಿಲ್ಲವೆಂದು ತಿಳಿಸಿ, ಅಕ್ಕನಿಗೆ ಫೋನು ಮಾಡಿದೆ.

“ಅಲ್ಲಿ ನಿನ್ನವರು ಅಂತ ಯಾರುಂಟು ಮಾರಾಯ?” ಎಂದಳು.

“ಉಂಟು ಅಕ್ಕ,” ಎಂದೆ. “ಹೆಸರು ನಾಳೆ ಕೇಳ್ತೇನೆ.”